ಫ್ರಿಜ್ಜಿನ ಮೋಟಾರು ಸುತ್ತಿದ ಬೇಸಿಗೆ

ಬಿಜೈ ಕೇರಿಯ ನಮ್ಮ ಮನೆಯೊಳಕ್ಕೆ ಯಾರೇ ಬರಬೇಕಾದರೂ ಮೊದಲು ಪಪ್ಪಾನ ಕುರ್ಚಿಯನ್ನು ದಾಟಬೇಕಿತ್ತು. ಜಗಲಿಯ ಬಾಗಿಲಿಗೆ ತಾಗಿಕೊಂಡೇ ಇದ್ದ, ಬೆತ್ತ ಹೆಣೆದ ಆರಾಮಕುರ್ಚಿ ಅದು. ಬಲಗೈಯನ್ನು ಮಡಿಲಲ್ಲಿಟ್ಟು, ಅದರ ಮೇಲೊಂದು ಟವೆಲು ಹಾಸಿ, ಪಪ್ಪಾ ಬೆಳಗ್ಗಿನಿಂದ ಸಂಜೆಯವರೆಗೆ ರಸ್ತೆ ನೋಡುತ್ತಾ ಕೂತಿರುತ್ತಿದ್ದರು. ಅವರು ಒಂದು ಹಂಚಿನ ಕಾರ್ಖಾನೆಯಲ್ಲಿ ಇಲೆಕ್ಟ್ರಿಷಿಯನ್ ಆಗಿದ್ದವರು. ಮಣ್ಣು ಕಲಸುವ ಯಂತ್ರದ ಬೆಲ್ಟಿಗೆ ಬಲಗೈ ಸಿಕ್ಕಿಕೊಂಡಿತು. ಕೈ ಉಳಿಯಿತು, ಆದರೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೆಯೇ ನಿಂತುಬಿಟ್ಟವು. ಚಮಚ ಹಿಡಿಯುವುದಕ್ಕೂ ಆಗುತ್ತಿರಲಿಲ್ಲ. ಮೊದಲೆಲ್ಲ ಕಾರ್ಖಾನೆಯಿಂದ ಬಂದವರೇ ನನ್ನನ್ನು ಎತ್ತಿ ಮಾಡಿನ ಮರದ ಪಕ್ಕಾಸು ಮುಟ್ಟಿಸುತ್ತಿದ್ದ ಮನುಷ್ಯ ಈಗ ಊಟಕ್ಕೆ ಕರೆದರೂ ಎರಡನೆಯ ಸಲ ಕರೆದ ಮೇಲೆ ತಲೆಯೆತ್ತುತ್ತಿದ್ದರು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು. ಆ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದೆ ಇದ್ದದ್ದಕ್ಕೇ ಅದು ಮನೆಯ ಎಲ್ಲ ಕೋಣೆಗಳಲ್ಲೂ ಇತ್ತು.

ಊಟದ ಕೋಣೆಯಲ್ಲಿ ಆ ಫ್ರಿಜ್ಜು ನಿಂತಿತ್ತು. ಕಾರ್ಖಾನೆಯ ದೊರೆ ಊರು ಬಿಟ್ಟು ತನ್ನ ದೇಶಕ್ಕೆ ಹೋಗುವಾಗ, ಕೈ ಕಳಕೊಂಡವನಿಗೆ ಏನಾದರೂ ಕೊಡಬೇಕೆಂದು ತೋರಿ, ತನ್ನ ಬಂಗಲೆಯಲ್ಲಿದ್ದ ಈ ಹಳೆಯ ಫ್ರಿಜ್ಜನ್ನು ಎತ್ತಿನ ಗಾಡಿಯಲ್ಲಿ ಕಳಿಸಿಕೊಟ್ಟಿದ್ದ. ಅದು ಆಗಲೇ ಮುದಿಯಾಗಿತ್ತು. ನಾಲ್ಕು ಬಾಗಿದ ಕಾಲು, ಕಪಾಟಿನಂಥ ದಪ್ಪ ಬಾಗಿಲು, ಎಳೆದರೆ ಟಕ್ಕೆಂದು ಬಿಚ್ಚುವ ಚಿಲಕ. ಹೊಟ್ಟೆಯ ಕೆಳಗಿನ ಗೂಡಿನಲ್ಲಿ ಒಂದು ಕಡೆ ಮೋಟಾರು, ಇನ್ನೊಂದು ಕಡೆ ಗ್ಯಾಸು ಒತ್ತುವ ಕಂಪ್ರೆಸರು, ಎರಡನ್ನೂ ಜೋಡಿಸಿದ ಒಂದು ಬೆಲ್ಟು. ಅದು ಶುರುವಾದರೆ ಮೇಜಿನ ಮೇಲಿನ ಗ್ಲಾಸುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನಮ್ಮ ರಸ್ತೆಯಲ್ಲಿ ಮತ್ತೆ ಯಾರ ಮನೆಯಲ್ಲೂ ಫ್ರಿಜ್ಜು ಇರಲಿಲ್ಲ. ಜ್ವರ ಬಂದ ಮಕ್ಕಳ ಹಣೆಗೆ ಐಸು ಬೇಕೆಂದು ಅಕ್ಕಪಕ್ಕದವರು ಪಾತ್ರೆ ಹಿಡಿದು ಬರುತ್ತಿದ್ದರು, ಅಮ್ಮ ಸಂತೋಷದಿಂದ ಕೊಡುತ್ತಿದ್ದಳು. ಆದರೆ ಪಪ್ಪಾನ ತಾಯಿ, ನನ್ನ ಅಜ್ಜಿ, ಅದನ್ನು ಫ್ರಿಜ್ಜು ಎಂದು ಒಂದು ದಿನವೂ ಕರೆಯಲಿಲ್ಲ. ಪಪ್ಪಾನ ಹೆಸರು ಸೆಬಾಸ್ಟಿಯನ್, ಮನೆಯವರಿಗೆ ಬಸ್ತಿ. ಅಜ್ಜಿ ಆ ಪೆಟ್ಟಿಗೆಗೆ ಇಟ್ಟ ಹೆಸರು 'ಬಸ್ತಿಯ ಕೈ'.

"ಬಸ್ತಿಯ ಕೈ ಪುನಃ ಗುರುಗುಟ್ಟಲಿಕ್ಕೆ ಶುರುವಾಯ್ತು" ಎನ್ನುತ್ತಿದ್ದಳು, ಮೋಟಾರು ಹೊರಟಾಗಲೆಲ್ಲ. ನಮ್ಮ ಮನೆಮಾತು ಕೊಂಕಣಿ. ಆ ಮಾತುಗಳನ್ನು ನಾನಿಲ್ಲಿ ನಮ್ಮೂರ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಅದರೊಳಗಿಟ್ಟ ಯಾವುದನ್ನೂ ಅಜ್ಜಿ ಬಾಯಿಗೆ ಹಾಕುತ್ತಿರಲಿಲ್ಲ. ಮಗನ ಕೈ ಕೊಟ್ಟು ತಂದದ್ದರಿಂದ ತೆಗೆದು ತಿನ್ನುವುದು ಪಾಪ ಎಂದು ಅವಳ ಲೆಕ್ಕ. ಇದರಿಂದ ಹೆಚ್ಚು ಜಗಳ ಆಗುತ್ತಿದ್ದದ್ದು ಮೀನಿನ ಸಾರಿನ ಮೇಲೆ. ನಿನ್ನೆಯ ಬಂಗುಡೆ ಸಾರು ಮಣ್ಣಿನ ಅಳಗೆಯಲ್ಲಿ ಒಂದು ರಾತ್ರಿ ಕೂತು, ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯೊಟ್ಟಿಗೆ ಬಂದರೆ ಅದರ ರುಚಿಯೇ ಬೇರೆ. ಅಮ್ಮನಿಗೆ ಆಸ್ಪತ್ರೆಯ ಶುಚಿತ್ವದ ಅಭ್ಯಾಸ. ಅಳಗೆಯನ್ನು ಎತ್ತಿ ಫ್ರಿಜ್ಜಿನೊಳಗೆ ಇಡುತ್ತಿದ್ದಳು. ಅವಳು ಡ್ಯೂಟಿಗೆ ಹೋದ ಕೂಡಲೇ ಅಜ್ಜಿ ಅದನ್ನು ಹೊರಗೆ ತೆಗೆದು ಒಲೆಯ ದಂಡೆಯ ಮೇಲೆ ಇಡುತ್ತಿದ್ದಳು. ಹಾಗೆ ತೆಗೆದ ಸಾರು 'ಒಳಗಿಟ್ಟದ್ದು' ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಅವಳ ಬಳಿ ಉತ್ತರ ಇರಲಿಲ್ಲವಾದ್ದರಿಂದ ಆ ದಿನ ಉಪ್ಪಿನಕಾಯಿಯಲ್ಲಿ ಗಂಜಿ ಕುಡಿಯುತ್ತಿದ್ದಳು. ಇಬ್ಬರ ನಡುವೆ ಮಾತು ಬೆಳೆಯುವಾಗ ಪಪ್ಪಾ ಜಗಲಿಯಿಂದ ಕೇಳಿಸಿಕೊಳ್ಳುತ್ತಿದ್ದರು. ಯಾರ ಪರವನ್ನೂ ಹಿಡಿಯುತ್ತಿರಲಿಲ್ಲ. ಸಂಜೆ ಇಗರ್ಜಿಯ, ಅಂದರೆ ಚರ್ಚಿನ, ಗಂಟೆ ಹೊಡೆದ ಮೇಲೆ ಮನೆಯ ದೇವರ ಪೀಠವಾದ ಅಲ್ತಾರಿನ ಮುಂದೆ ನಾವು ಮೂವರು ಮೊಣಕಾಲೂರಿ ತೇರ್ಸ್ ಹೇಳುತ್ತಿದ್ದೆವು. ಜಪಮಾಲೆಯ ಆ ಪ್ರಾರ್ಥನೆಗೂ ಅವರು ಒಳಗೆ ಬರುತ್ತಿರಲಿಲ್ಲ. ಅಜ್ಜಿ ಅರ್ಧ ಹೇಳಿ ನಿಲ್ಲಿಸಿದರೆ ಉಳಿದರ್ಧ ಹೇಳುವುದು ಮೊದಲು ಪಪ್ಪಾನ ಕೆಲಸವಾಗಿತ್ತು. ಈಗ ಅದು ಅಮ್ಮನದ್ದೂ ನನ್ನದೂ ಆಗಿತ್ತು.

ಒಂದು ಬೇಸಿಗೆ ರಜೆಯ ಮಧ್ಯಾಹ್ನ. ಆಗೆಲ್ಲ ಮೇ ತಿಂಗಳಲ್ಲಿ ಕರೆಂಟು ಇದ್ದರೂ ಇಲ್ಲದ ಹಾಗೆ, ಬಲ್ಬು ಕೆಂಪಗೆ ಮಿಣುಕುತ್ತಿತ್ತು. ನಾನು ಊಟದ ಮೇಜಿನ ಕೆಳಗೆ ತಣ್ಣನೆಯ ನೆಲದಲ್ಲಿ ಮಲಗಿದ್ದೆ. ಫ್ರಿಜ್ಜು ಗುರುಗುಟ್ಟುವ ಬದಲು ಹೂಂ ಎಂದು ಮುಲುಕತೊಡಗಿತು. ಆಮೇಲೆ ಒಂದು ವಾಸನೆ ಬಂತು. ಸೀದ ಮೀನಿನದ್ದಲ್ಲ, ಸುಟ್ಟ ಬಟ್ಟೆಯದ್ದೂ ಅಲ್ಲ, ಮೂಗಿನ ಒಳಗೆ ಹೋಗಿ ಕೂರುವಂಥದ್ದು. ನಾನು ಎದ್ದು ಕೂಗುವುದಕ್ಕೆ ಮುಂಚೆಯೇ ಜಗಲಿಯ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಪಪ್ಪಾ ಓಡಿ ಬಂದರು. ಟವೆಲು ಹೊಸ್ತಿಲಲ್ಲಿ ಬಿತ್ತು. ಎಡಗೈಯಲ್ಲಿ ಪ್ಲಗ್ಗು ಕಿತ್ತೆಸೆದು, ನೆಲಕ್ಕೆ ಕೂತು, ಕೆಳಗಿನ ಗೂಡಿಗೆ ಮೂಗು ಹತ್ತಿರ ಹಿಡಿದರು.

"ಸ್ಟಾರ್ಟಿಂಗ್ ಕಾಯಿಲ್ ಬೆಂದುಹೋಗಿದೆ" ಎಂದರು.

ನಾನು ಅವರ ಮುಖ ನೋಡಿದೆ. ತುಂಬ ಕಾಲದ ನಂತರ ಅವರು ಯಾರೂ ಕೇಳದೆ ಒಂದು ಮಾತು ಆಡಿದ್ದರು.

"ಹಾಗಂದ್ರೆ ಎಂತ, ಪಪ್ಪಾ?"

"ಬಸ್ಸು ನಿಂತುಹೋದ್ರೆ ಹಿಂದಿನಿಂದ ಜನ ದೂಡ್ತಾರಲ್ವಾ? ಮೋಟಾರಿಗೂ ಹಾಗೆ, ಹೊರಡ್ಲಿಕ್ಕೆ ಒಬ್ಬ ದೂಡುವವ ಬೇಕು. ಹೊರಟ ಮೇಲೆ ಅವ ಕೈ ಬಿಡ್ಬೇಕು. ವೋಲ್ಟೇಜು ಇಲ್ಲ, ಬಸ್ಸು ಓಡುದೇ ಇಲ್ಲ, ಇವ ಕೈ ಬಿಡುದೇ ಇಲ್ಲ. ಮತ್ತೆ ಎಂತ ಆಗ್ತದೆ? ದೂಡಿ ದೂಡಿ ಸತ್ತ."

ಅಷ್ಟರಲ್ಲಿ ಅಜ್ಜಿ ಅಡುಗೆಮನೆಯಿಂದ ಬಂದು ಹೊಗೆ ನೋಡಿ ಶಿಲುಬೆ ಗುರುತು ಹಾಕಿಕೊಂಡಳು. ಅವಳ ಮುಖದಲ್ಲಿ ಹೆದರಿಕೆಗಿಂತ ಸಮಾಧಾನವೇ ಹೆಚ್ಚಿತ್ತು. "ದೇವರು ದೊಡ್ಡವ. ನಾಳೆಯೇ ಗುಜರಿಯವನನ್ನು ಕರೆಸುವ" ಎಂದಳು. ಪಪ್ಪಾ ನನ್ನ ಕೈಯಿಂದ ಸ್ಪ್ಯಾನರು ತರಿಸಿ, ಬೆಲ್ಟು ಜಾರಿಸಿ, ಮೋಟಾರಿನ ಬೋಲ್ಟುಗಳನ್ನು ಎಡಗೈಯಲ್ಲಿ ಒಂದೊಂದಾಗಿ ಬಿಚ್ಚತೊಡಗಿದರು.

ಅಮ್ಮ ಡ್ಯೂಟಿಯಿಂದ ಬಂದಾಗ ಊಟದ ಮೇಜಿನ ಮೇಲೆ ಮೋಟಾರು ಎರಡು ಹೋಳಾಗಿ ಬಿದ್ದಿತ್ತು. ಒಳಗಿನ ಸುರುಳಿಗಳು ಇದ್ದಿಲಿನ ಹಾಗೆ ಕಪ್ಪು. ಬಿಳಿ ಸೀರೆಯನ್ನು ಬದಲಿಸದೆ ಅವಳು ಅಲ್ಲೇ ನಿಂತಳು. ಇದಕ್ಕೆ ಹೊಸ ತಂತಿ ಸುತ್ತುವವರು ಊರಲ್ಲಿ ಸಿಗಲಿಕ್ಕಿಲ್ಲ, ಬೊಂಬಾಯಿಗೆ ಕಳಿಸಬೇಕಾದೀತು ಎಂದಳು.

"ಇಲ್ಲೇ ಸುತ್ತುವ" ಎಂದರು ಪಪ್ಪಾ.

"ಯಾರು ಸುತ್ತುದು?"

"ನಾನು."

"ಯಾವ ಕೈಯಲ್ಲಿ?"

ಕೇಳಿದ ಕೂಡಲೇ ಅಮ್ಮನಿಗೇ ಗೊತ್ತಾಯಿತು. ದಿನವಿಡೀ ಇನ್ನೊಬ್ಬರ ಗಾಯ ತೊಳೆದು ಬಂದವಳು, ಆಯಾಸದಲ್ಲಿ ಜಾರಿದ ಮಾತು. ಪಪ್ಪಾ ಎದ್ದು ಜಗಲಿಗೆ ಹೋಗಿ ಕುರ್ಚಿಯಲ್ಲಿ ಕೂತರು. ಆ ಸಂಜೆ ಮೋಟಾರಿನ ಹೋಳುಗಳನ್ನು ಸರಿಸಲು ಧೈರ್ಯವಿಲ್ಲದೆ ಅವುಗಳ ಸುತ್ತಲೇ ಬಟ್ಟಲಿಟ್ಟು ಉಂಡೆವು.

ಮರುದಿನ ಅಮ್ಮನಿಗೆ ರಜೆ ಇತ್ತು. ಅವಳು ಕ್ಷಮೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ಪದ ಇಗರ್ಜಿಗೆ ಮಾತ್ರ ಮೀಸಲು. ಬೆಳಿಗ್ಗೆಯೇ ಛತ್ರಿ ಹಿಡಿದು ಹಂಪನಕಟ್ಟೆಯ ಪೇಟೆಗೆ ಹೋಗಿ ಬಂದಳು. ಅವಳ ಚೀಲದಿಂದ ಮೇಜಿನ ಮೇಲೆ ಬಂದದ್ದು ಜೇನು ಬಣ್ಣದ ತಾಮ್ರದ ತಂತಿಯ ಎರಡು ಉಂಡೆ, ಒಂದು ದಪ್ಪ, ಒಂದು ತೆಳ್ಳಗೆ. ಜೊತೆಗೆ ಕಂದು ಬಣ್ಣದ ಗಟ್ಟಿ ಕಾಗದ, ನೂಲಿನ ಪಟ್ಟಿ, ಒಂದು ಡಬ್ಬಿ ವಾರ್ನಿಷು. ಸುಟ್ಟ ತಂತಿಯ ಒಂದು ತುಂಡನ್ನು ಅಂಗಡಿಯವನಿಗೆ ತೋರಿಸಿ, ಇಷ್ಟೇ ದಪ್ಪದ್ದು ಕೊಡಿ ಎಂದು ಹಟ ಹಿಡಿದು ತಂದಿದ್ದಳು. ಆಮೇಲೆ ಜಗಲಿಗೆ ಹೋಗಿ ಕೇಳಿದಳು.

"ಸುರುಳಿ ಮಾಡ್ಲಿಕ್ಕೆ ಒಂದು ಅಚ್ಚು ಬೇಕಲ್ವಾ? ಹಲಗೆ ಹಿತ್ತಲಲ್ಲಿ ಉಂಟು."

ಪಪ್ಪಾ ಎದ್ದರು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ಗುರುತಿನ ಮೇಲೆ ಮೊಳೆ ಹೊಡೆಯಬೇಕಿತ್ತು. ಮೊಳೆ ಹಿಡಿಯಲು ಅವರಿಗೆ ಇನ್ನೊಂದು ಕೈ ಇಲ್ಲ. ಅಮ್ಮ ನೆಲಕ್ಕೆ ಕೂತು, ಎರಡು ಬೆರಳಲ್ಲಿ ಮೊಳೆ ನೆಟ್ಟಗೆ ಹಿಡಿದಳು. ಪಪ್ಪಾ ಎಡಗೈಯಲ್ಲಿ ಸುತ್ತಿಗೆ ಎತ್ತಿದರು. ಆ ಕೈ ಸುತ್ತಿಗೆ ಹಿಡಿದು ಹೊಡೆದದ್ದನ್ನು ನಾವ್ಯಾರೂ ಅದಕ್ಕೆ ಮೊದಲು ನೋಡಿರಲಿಲ್ಲ. ಅಮ್ಮ ಬೆರಳು ಸರಿಸಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಒಂದೊಂದು ಮೊಳೆಯೂ ಇಳಿಯಿತು. ಅವರಿಬ್ಬರ ಮದುವೆಯ ಫೋಟೋ ನಮ್ಮ ಮನೆಯ ಗೋಡೆಯಲ್ಲಿ ಇತ್ತು. ಆದರೆ ಗಂಡಹೆಂಡಿರೆಂದರೆ ನನ್ನ ಕಣ್ಣಿಗೆ ಇವತ್ತಿಗೂ ಬರುವುದು ಆ ಹಲಗೆಯ ಎರಡು ಬದಿಗೆ ಕೂತ ಅವರೇ.

ಅಮ್ಮನ ರಜೆ ಮುಗಿಯಿತು. ಉಳಿದದ್ದು ನನ್ನ ಕೈಗಳು. ಪಪ್ಪಾ ನನ್ನ ಬೆರಳುಗಳನ್ನು ತಿರುಗಿಸಿ ನೋಡಿ, "ಸಪೂರ ಉಂಟು, ಸಾಕು" ಎಂದರು. ಮೊಳೆಗಳ ಸುತ್ತ ತಂತಿ ಸುತ್ತಿ ಸುರುಳಿ ಮಾಡುವುದು ಸುಲಭವೇ. ಕಷ್ಟವಿದ್ದದ್ದು ಅದನ್ನು ಮೋಟಾರಿನ ಒಳಗೋಡೆಯ ಸೀಳುಗಳಿಗೆ ಇಳಿಸುವುದರಲ್ಲಿ. ಕಬ್ಬಿಣದ ಆ ದಪ್ಪ ಬಳೆಗೆ ಸ್ಟೇಟರ್ ಎಂದು ಹೆಸರು. ಅದರ ಒಳಬದಿಯಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಸೀಳುಗಳು. ಪ್ರತಿ ಸೀಳಿಗೂ ಕಾಗದ ಹಾಸಿ, ತಂತಿಯನ್ನು ಎಳೆ ಎಳೆಯಾಗಿ, ಮೇಲಿನ ಬಣ್ಣ ತರಚದ ಹಾಗೆ, ಒಂದರ ಮೇಲೊಂದು ಮಲಗಿಸಬೇಕು. ಕೊನೆಗೆ ಬಾಯಿಗೆ ಬಿದಿರಿನ ಕಡ್ಡಿ ತಳ್ಳಿ ಮುಚ್ಚಬೇಕು. ಕಡ್ಡಿಗೆ ಅಜ್ಜಿಯ ಮುರಿದ ಮೀನಿನ ಬುಟ್ಟಿಯನ್ನೇ ಸೀಳಿದೆವು. ಪಪ್ಪಾ ಸ್ಟೇಟರನ್ನು ಎಡಗೈಯಲ್ಲಿ ಎದೆಗೆ ಅವುಚಿ ಹಿಡಿದು, ನನಗೆ ಬೇಕಾದ ಹಾಗೆ ತಿರುಗಿಸುತ್ತಿದ್ದರು. ನಾನು ತಂತಿ ಇಳಿಸುತ್ತಿದ್ದೆ. ಇಳಿಯದಿದ್ದರೆ ಪುನಃ ಇಳಿಸುತ್ತಿದ್ದೆ.

"ಒತ್ತಬೇಡ. ಅದಕ್ಕೆ ದಾರಿ ತೋರ್ಸು, ಅದೇ ಹೋಗ್ತದೆ."

"ಹೋಗುದಿಲ್ಲ ಪಪ್ಪಾ."

"ಹೋಗ್ತದೆ. ನೋಡು, ಎಲ್ಲಿ ತಾಗ್ತಾ ಉಂಟು?"

ಎಲ್ಲಿ ತಾಗುತ್ತಿದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಹೇಳುತ್ತಿರಲಿಲ್ಲ. ನಾನು ಬಗ್ಗಿ, ಕಣ್ಣು ಕಿರಿದು ಮಾಡಿ, ಕಾಗದದ ಅಂಚು ಮಡಚಿದ್ದನ್ನು ನಾನೇ ಕಾಣುವವರೆಗೆ ಸುಮ್ಮನಿರುತ್ತಿದ್ದರು. ಶಾಲೆಯಲ್ಲಿ ನಾನು ಕೈಕೆಲಸಕ್ಕೆ ಬಾರದ ಹುಡುಗಿ. ಹೊಲಿಗೆಯ ಕ್ಲಾಸಿನಲ್ಲಿ ಟೀಚರು ನನ್ನ ಬಟ್ಟೆಯನ್ನು ಕಸಿದುಕೊಂಡು ತಾವೇ ಹೊಲಿದು ಮುಗಿಸಿ ಕೊಡುತ್ತಿದ್ದರು. ಹಾಗಾಗಿ ನನಗೆ ಮುಗಿದ ಹೊಲಿಗೆ ಎಷ್ಟೋ ಇತ್ತು, ಬರುವ ಹೊಲಿಗೆ ಒಂದೂ ಇರಲಿಲ್ಲ. ಪಪ್ಪಾನ ಎದುರು ಮಾತ್ರ ಮೊದಲ ಸಲ ಒಂದು ಕೆಲಸ ನನ್ನ ಕೈಯಲ್ಲೇ ಶುರುವಾಗಿ, ನನ್ನ ಕೈಯಲ್ಲೇ ಕೆಟ್ಟು, ನನ್ನ ಕೈಯಲ್ಲೇ ಸರಿಯಾಗತೊಡಗಿತು.

ಸುರುಳಿಗಳೆಲ್ಲ ಕೂತ ಮೇಲೆ ಹೊರಗೆ ಉಳಿದ ತಂತಿಯ ತುದಿಗಳನ್ನು ನೂಲಿನಿಂದ ಬಿಗಿದು ಕಟ್ಟಬೇಕಿತ್ತು. ಅಜ್ಜಿ ಆವರೆಗೆ ನಮ್ಮ ಕಡೆ ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದಳು. ಅವಳು ಊರಿಗೇ ಹೆಸರಾದ ಕ್ರೋಶೆ ಹೆಣಿಗೆಯವಳು. ಇಗರ್ಜಿಯ ಅಲ್ತಾರಿನ ಬಟ್ಟೆಯ ಅಂಚೆಲ್ಲ ಅವಳದ್ದೇ. ನಾನು ಕಟ್ಟಿದ ಗಂಟುಗಳು ಒಂದೊಂದಾಗಿ ಸಡಿಲಾಗುತ್ತಿದ್ದದ್ದನ್ನು ಓರೆಗಣ್ಣಿನಲ್ಲಿ ನೋಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅದೆಂತ ಗಂಟು, ಬಾಯ್? ಕೋಳಿಯ ಕಾಲಿಗೆ ಹಾಗೆ ಕಟ್ಟಿದ್ರೆ ಕೋಳಿ ನಕ್ಕು ಓಡಿಹೋಗ್ತದೆ. ಕೊಡು ಇಲ್ಲಿ."

"ನಿಮಗೆ ಬೇಡ ಅಲ್ವಾ ಮಾಯ್, ಇದು ಪಾಪದ ಪೆಟ್ಟಿಗೆ" ಎಂದರು ಪಪ್ಪಾ. ಅವರು ತಾಯಿಯನ್ನು ಕರೆಯುತ್ತಿದ್ದದ್ದೇ ಮಾಯ್ ಎಂದು, ಅಜ್ಜಿ ನನ್ನನ್ನು ಕರೆಯುತ್ತಿದ್ದದ್ದು ಬಾಯ್ ಎಂದು.

"ಪೆಟ್ಟಿಗೆ ಪಾಪದ್ದೇ. ನೂಲು ಎಂತ ಮಾಡಿದೆ?"

ಅವಳು ಕ್ರೋಶೆಯ ಸೂಜಿ ತಂದು ಕೂತಳು. ಸಂಜೆ ಇಗರ್ಜಿಯ ಗಂಟೆ ಹೊಡೆಯಿತು. ಕೈಯಲ್ಲಿ ಹಿಡಿದ ಎಳೆಯನ್ನು ಬಿಟ್ಟರೆ ಸಡಿಲಾಗುತ್ತದೆಂದು ಅಜ್ಜಿ ಅಲ್ತಾರಿನ ಮುಂದೆ ಹೋಗದೆ, ಮೇಜಿನ ಬಳಿಯೇ ಕೂತು ತೇರ್ಸ್ ಶುರು ಮಾಡಿದಳು. ಸೂಜಿ ತಂತಿಯ ಕೆಳಗೆ ನುಸುಳಿ ಮೇಲೆ ಬರುತ್ತಿತ್ತು, 'ನಮಾನ್ ಮರಿಯೆ' ಹೇಳುತ್ತಿದ್ದಳು, ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಅಮ್ಮ ಆಸ್ಪತ್ರೆಯಿಂದ ಬಂದಿರಲಿಲ್ಲ. ನಾನು ಬಾಯಲ್ಲಿ ನೂಲು ಕಚ್ಚಿಕೊಂಡಿದ್ದೆ. ಉಳಿದರ್ಧ ಹೇಳುವವರೇ ಇರಲಿಲ್ಲ. ಆಗ ಪಪ್ಪಾ, ಸ್ಟೇಟರನ್ನು ಎದೆಗವುಚಿಕೊಂಡೇ, ತಗ್ಗಿದ ದನಿಯಲ್ಲಿ 'ಸಾಂತಾ ಮರಿಯೆ' ಎಂದು ಎತ್ತಿಕೊಂಡರು. ಅಜ್ಜಿಯ ಸೂಜಿ ನಿಂತಿತು. ತಲೆಯೆತ್ತಲಿಲ್ಲ. ಮೂಗೊರೆಸಿಕೊಂಡು ಮುಂದಿನದ್ದನ್ನು ಹೇಳಿದಳು. ಅಪಘಾತದ ನಂತರ ನಮ್ಮ ಮನೆಯಲ್ಲಿ ತಾಯಿಮಗನ ತೇರ್ಸ್ ಪೂರ್ತಿಯಾದದ್ದು ಅವತ್ತು.

ಇಷ್ಟೆಲ್ಲ ಆಗಿಯೂ ಮೊದಲ ಸಲ ಅದು ಸರಿಯಾಗಲಿಲ್ಲ. ವಾರ್ನಿಷು ಹೊಯ್ಯುವ ಮೊದಲು ಪಪ್ಪಾ ಬಲ್ಬು ಸಿಕ್ಕಿಸಿದ ಎರಡು ತಂತಿಗಳಿಂದ ಪರೀಕ್ಷೆ ಮಾಡಿದರು. ಒಂದನ್ನು ಸುರುಳಿಗೂ ಇನ್ನೊಂದನ್ನು ಕಬ್ಬಿಣಕ್ಕೂ ಮುಟ್ಟಿಸಿದರೆ ಬಲ್ಬು ಉರಿಯಬಾರದು. ಉರಿಯಿತು. ಒಳಗೆ ಎಲ್ಲೋ ಒಂದು ಕಡೆ ಕಾಗದ ಹರಿದು ತಂತಿ ಕಬ್ಬಿಣಕ್ಕೆ ತಾಗಿತ್ತು. ನಾನು ಅತ್ತುಬಿಟ್ಟೆ. ಪಪ್ಪಾ ನನ್ನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬಲ್ಬನ್ನು ಆರಿಸಿ, "ಎಲ್ಲಿ ಅಂತ ಹುಡುಕುವ. ಬಿಚ್ಚು" ಎಂದರು.

"ನನ್ನ ಗಂಟು ಬಿಚ್ಚಲಿಕ್ಕೆ ನಿಮ್ಮಿಬ್ಬರಿಂದ ಆಗ್ಲಿಕ್ಕಿಲ್ಲ. ದೂರ ಕೂತ್ಕೊಳ್ಳಿ" ಎಂದು ಅಜ್ಜಿ ಗೊಣಗುತ್ತಾ ತಾನೇ ಬಿಚ್ಚಿಕೊಟ್ಟಳು. ಹರಿದ ಕಾಗದ ಸಿಕ್ಕಿತು. ಆ ಭಾಗದ ಸುರುಳಿಯನ್ನು ಹೊಸದಾಗಿ ಸುತ್ತಿ, ಹೊಸ ಕಾಗದ ಹಾಸಿ, ಎಲ್ಲವನ್ನೂ ಇನ್ನೊಮ್ಮೆ ಇಳಿಸಿದೆ. ಎರಡನೆಯ ಸಲ ಕೈಗೆ ದಾರಿ ಗೊತ್ತಿತ್ತು. ಬಲ್ಬು ಉರಿಯಲಿಲ್ಲ. ಉರಿಯದ ಬಲ್ಬನ್ನು ನೋಡಿ ಅಷ್ಟು ಸಂತೋಷಪಟ್ಟ ಮನೆ ಬೇರೆ ಇರಲಿಕ್ಕಿಲ್ಲ.

ವಾರ್ನಿಷು ಹೊಯ್ದ ಮೇಲೆ ಅದನ್ನು ಬಿಸಿಯಲ್ಲಿ ಒಣಗಿಸಬೇಕು. ಕಾರ್ಖಾನೆಯಲ್ಲಾಗಿದ್ದರೆ ಅದಕ್ಕೊಂದು ಗೂಡು ಇರುತ್ತಿತ್ತು. ನಮಗಿದ್ದದ್ದು ಪಕ್ಕದ ಓಣಿಯಲ್ಲಿ ಬೇಕರಿ ಇಟ್ಟಿದ್ದ ಜುವಾಂವ್ ಮಾಮ. ಪಪ್ಪಾ ಸ್ಟೇಟರನ್ನು ಗೋಣಿಯಲ್ಲಿ ಸುತ್ತಿ ಎಡಗಂಕುಳಲ್ಲಿ ಹಿಡಿದು, ಬಲಗೈಗೆ ಟವೆಲು ಹಾಕುವುದನ್ನು ಮರೆತೋ ಬಿಟ್ಟೋ, ರಸ್ತೆಗಿಳಿದರು. ನಾನು ಹಿಂದೆ ಹೋದೆ. ಬ್ರೆಡ್ಡು ತೆಗೆದಾದ ಮೇಲೆ ಒಲೆ ಹದವಾಗಿ ಬಿಸಿ ಉಳಿದಿರುತ್ತದೆ, ಒಂದು ಹಗಲು ಇಟ್ಟುಕೊಳ್ಳಿ ಎಂದು ಪಪ್ಪಾ ಕೇಳಿದರು. ಜುವಾಂವ್ ಮಾಮ ಗೋಣಿ ಬಿಚ್ಚಿ ಮೂಸಿ ನೋಡಿದರು.

"ಎಂತ ಮಾರಾಯ ಬಸ್ತಿ, ನಾಳೆ ನನ್ನ ಬನ್ನು ತಿಂದವರಿಗೆ ಕರೆಂಟು ಹೊಡೆಯುದಿಲ್ಲ ಅಲ್ವಾ?"

ಪಪ್ಪಾ ನಕ್ಕರು. ನಿಜವಾಗಿ, ಹಲ್ಲು ಕಾಣುವ ಹಾಗೆ. ಮರುದಿನದ ಬನ್ನಿಗೆ ಸ್ವಲ್ಪ ವಾರ್ನಿಷಿನ ಪರಿಮಳ ಇತ್ತೆಂದು ಬಿಜೈಯ ಕೆಲವರು ಹೇಳಿದರು. ಜುವಾಂವ್ ಮಾಮ ಮಾತ್ರ ಅದು ಏಲಕ್ಕಿ ಎಂದು ಸಾಧಿಸಿದರು.

ಮೋಟಾರನ್ನು ಜೋಡಿಸಿ, ಬೆಲ್ಟು ಹಾಕಿ, ಪಪ್ಪಾ ನನ್ನನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. ಅಮ್ಮ ಸೆರಗಿನ ತುದಿಯನ್ನು ಹಿಡಿದಿದ್ದಳು. ಒತ್ತಿದೆ. ಒಂದು ಸಲ ಹೂಂ ಎಂದಿತು. ಆಮೇಲೆ ಒಳಗಿನ ಸ್ವಿಚ್ಚು ಕಟ್ಟೆಂದು ಬಿಡಿಸಿಕೊಂಡ ಸದ್ದಾಯಿತು. ದೂಡುವವ ಕೈ ಬಿಟ್ಟಿದ್ದ. ಮೇಜಿನ ಮೇಲೆ ಗ್ಲಾಸುಗಳು ಕಿಣಿಕಿಣಿ ಎಂದವು. ಆ ಆದಿತ್ಯವಾರ ಅಮ್ಮ ಹಾಲು ಹಾಕಿ ಚೈನಾ ಗ್ರಾಸಿನ ಪುಡ್ಡಿಂಗು ಮಾಡಿ ಫ್ರಿಜ್ಜಿನಲ್ಲಿಟ್ಟಳು. ಪಪ್ಪಾ ಎಡಗೈಯಲ್ಲಿ ಚಮಚ ಹಿಡಿದು ಎರಡು ಸಲ ಹಾಕಿಸಿಕೊಂಡು ತಿಂದರು. ಅಜ್ಜಿ ಮುಟ್ಟಲಿಲ್ಲ. ಇಷ್ಟು ಕೆಲಸ ಮಾಡಿದಿರಲ್ಲ, ಈಗಲಾದರೂ ತಿನ್ನಿ ಎಂದು ಅಮ್ಮ ಒತ್ತಾಯಿಸಿದರೆ, "ಕೆಲಸ ಬೇರೆ, ಊಟ ಬೇರೆ" ಎಂದಳು. ಸಾಯುವ ತನಕವೂ ಅವಳು ಅದರಿಂದ ತೆಗೆದ ಏನನ್ನೂ ತಿನ್ನಲಿಲ್ಲ. ಆದರೆ ಅಮ್ಮ ಆಮೇಲೆ ಮೀನಿನ ಸಾರಿನ ಅಳಗೆಯನ್ನು ಒಲೆಯ ದಂಡೆಯಲ್ಲೇ ಬಿಡತೊಡಗಿದಳು.

ಮಳೆಗಾಲ ಮುಗಿಯುವುದರೊಳಗೆ ಜಗಲಿಯಲ್ಲಿ ಆರಾಮಕುರ್ಚಿಯ ಜಾಗಕ್ಕೆ ಒಂದು ಮೇಜು ಬಂತು. ಬೇಕರಿಯ ಕಥೆ ಊರೆಲ್ಲ ಹಬ್ಬಿ, ಜನ ಸುಟ್ಟ ಫ್ಯಾನು, ಬಾವಿಯ ಪಂಪು ಹೊತ್ತು ತರುತ್ತಿದ್ದರು. ಪಪ್ಪಾ ಹೇಳಿಕೊಡುತ್ತಿದ್ದರು, ಸಂಜೆ ಶಾಲೆ ಮುಗಿಸಿ ಬಂದು ನಾನು ಸುತ್ತುತ್ತಿದ್ದೆ, ಅಜ್ಜಿ ಗಂಟು ಹಾಕುತ್ತಿದ್ದಳು. ನಿಧಾನಕ್ಕೆ ಅವರ ಎಡಗೈ ಕೂಡ ತಾನೇ ಸುತ್ತಲು ಕಲಿಯಿತು. ಮುಂದೆ ನಾನು ಇದನ್ನೇ ಓದಲು ಹೊರಟು, ಹುಡುಗಿಗೆ ಇಂಥ ಓದು ಯಾಕೆ ಎಂದು ನೆಂಟರು ಕೇಳಿದಾಗ ಉತ್ತರ ಕೊಡುವ ದನಿ ಪಪ್ಪಾನಿಗೆ ಮರಳಿ ಬಂದಿತ್ತು. ನಾನು ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಿಕಲ್ ಓದಿದೆ. ಆಮೇಲೆ ಅಲ್ಲೇ ಕಲಿಸಲು ನಿಂತೆ.

ಕಲಿಸಲು ಶುರು ಮಾಡಿದ ಮೊದಲ ವಾರದಲ್ಲೇ ಒಂದು ಸಂಜೆ, ಒಬ್ಬ ವಿದ್ಯಾರ್ಥಿ ಸೀಳಿಗೆ ತಂತಿ ಇಳಿಸಲಾಗದೆ ಒದ್ದಾಡುತ್ತಿದ್ದ. ಎಲ್ಲಿ ತಾಗುತ್ತಿದೆ ಎಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಬಸ್ಸಿನ ಹೊತ್ತಾಗುತ್ತಿತ್ತು. ಕಸಿದುಕೊಂಡು ಒಂದು ನಿಮಿಷದಲ್ಲಿ ಮುಗಿಸಿಬಿಡೋಣ ಎಂದು ಕೈ ತುರಿಸುತ್ತಿತ್ತು. ಹೇಗೋ ತಡೆದುಕೊಂಡೆ. ಅವನಿಗೆ ಕೊನೆಗೆ ಅದು ಇಳಿಯಿತು, ಅವನ ಮುಖ ಅರಳಿತು, ನನ್ನ ಬಸ್ಸು ಹೋಗಿತ್ತು. ಕಾಯುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ತಿಳಿದದ್ದು ಆಗಲೇ. ನಡೆದುಕೊಂಡೇ ಮನೆಗೆ ಬಂದೆ. ಪಪ್ಪಾ ಜಗಲಿಯ ಮೇಜಿನ ಹಿಂದೆ ಇದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಪಪ್ಪಾ, ಆ ಫ್ರಿಜ್ಜಿನ ಮೋಟಾರು ಸುತ್ತುವಾಗ ನಾನು ಅಷ್ಟು ತಡ ಮಾಡ್ತಿದ್ದೆ. ಒಂದು ಸಲವೂ ನಿಮಗೆ ಸಿಟ್ಟು ಬರ್ಲಿಲ್ವಾ?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಬರದೆ ಮತ್ತೆ? ದಿನಕ್ಕೆ ಎಷ್ಟು ಸಲ ನಿನ್ನ ತಲೆಗೆ ಒಂದು ಕುಟ್ಟುವ ಅಂತ ಆಗ್ತಿತ್ತು" ಎಂದರು. "ಇದ್ದ ಒಂದು ಕೈಯಲ್ಲಿ ಸ್ಟೇಟರ್ ಹಿಡ್ಕೊಂಡಿದ್ದೆ ಅಲ್ವಾ, ನೀನು ಬಚಾವ್ ಆದಿ."